ಕೂತೇ ಇದ್ದ ಹೆಡ್‌ಮಾಸ್ಟರು

ಮುನಿಆಂಜನಪ್ಪನವರಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ. ಹೆಡ್‌ಮಾಸ್ಟರಾಗಿಯೇ ರಿಟೈರ್ ಆಗಬೇಕು. ಇದೂ ಒಂದು ಆಸೆಯೇ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರ ಜೊತೆ ನಾನು ಮಾತು ಬೆಳೆಸುವುದಿಲ್ಲ, ಎದ್ದು ಬಂದುಬಿಡುತ್ತೇನೆ. ಆ ಮನುಷ್ಯ ಕಟ್ಟಿದ ಶಾಲೆಯಲ್ಲಿ ನಾನು ಕೆಲಸ ಮಾಡಿದವಳು. ಆ ಪುಟ್ಟ ಆಸೆ ಅವರ ಕೈತಪ್ಪಿದ ಬಗೆಯನ್ನು ಪಕ್ಕದಲ್ಲೇ ಇದ್ದು ನೋಡಿದವಳು.

ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ ದಾಟಿ ಹೊಲಗಳ ನಡುವೆ ನಡೆದು ಹೋದರೆ ಅವರ ಊರು. ರಾಗಿ, ಸೊಪ್ಪು, ಬದನೆ ಬೆಳೆಯುತ್ತಿದ್ದ ಮನೆತನ. ಮನೆಯಲ್ಲಿ ಓದಿದವರು ಇವರೊಬ್ಬರೇ, ಅದೂ ಲೋಯರ್ ಸೆಕೆಂಡರಿಯವರೆಗೆ. ಸ್ವಾತಂತ್ರ್ಯ ಬರುವ ಮೊದಲೇ ಊರ ಚಾವಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸತೊಡಗಿದ್ದರು. ಆಮೇಲೆ ಅಪ್ಪನ ಕಾಲಿಗೆ ಬಿದ್ದು ಕೆರೆ ಪಕ್ಕದ ಹೊಲವನ್ನು ಶಾಲೆಗೆ ಬಿಡಿಸಿದರು. ತಮ್ಮ ರಾಮಾಂಜಿನಪ್ಪ ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಸುತ್ತಮುತ್ತ ಫ್ಯಾಕ್ಟರಿಗಳು ಬಂದು ನೆಲದ ಬೆಲೆ ಏರಿದ ಮೇಲೆ ಅವನ ಹೊಟ್ಟೆಯುರಿ ಇನ್ನೂ ಹೆಚ್ಚಿತು. ತನ್ನ ಪಾಲಿನದನ್ನು ಮಾರಿ ಲಾರಿ ಕೊಂಡ. ಅಣ್ಣ ಎದುರಿಗೆ ಬಂದರೆ ಸಾಕು, "ರಾಗಿ ಬೆಳೆಯೋ ನೆಲದಾಗೆ ಅಆಇಈ ಬಿತ್ತವ್ನೆ ನಮ್ಮಣ್ಣ" ಎಂದು ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಿದ್ದ. ಮಿಕ್ಕ ಊರಿಗೆಲ್ಲ ಅವರು ಎಡ್ಮಾಷ್ಟ್ರು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹೆಂಡತಿ ಅಕ್ಕಯಮ್ಮ ಕೂಡ "ಎಡ್ಮಾಷ್ಟ್ರು ಇನ್ನೂ ಊಟಕ್ಕೆ ಬಂದಿಲ್ಲ" ಎಂದೇ ಹೇಳುತ್ತಿದ್ದರು.

ನಾನು ಆ ಶಾಲೆಗೆ ಸಹಾಯಕ ಶಿಕ್ಷಕಿಯಾಗಿ ಸೇರಿದ್ದು ಅರವತ್ತಾರರಲ್ಲಿ. ನಮ್ಮಪ್ಪನಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಮನೆ ವಿಮಾನಪುರದಲ್ಲಿ. ಬಿ.ಎಸ್ಸಿ. ಮಾಡಿ ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಬೇಕಾಯಿತಲ್ಲ ಎಂಬ ಕೋಪ ಮೂಗಿನ ಮೇಲಿತ್ತು. ಮೊದಲ ದಿನ ಕೆಸರಿನಲ್ಲಿ ಚಪ್ಪಲಿ ಕಿತ್ತುಕೊಂಡು ಕೈಯಲ್ಲಿ ಹಿಡಿದು ಬಂದ ನನ್ನನ್ನು ನೋಡಿ ಮುನಿಆಂಜನಪ್ಪನವರು ನಗಲಿಲ್ಲ. ತಾವೇ ಕೊಡದಲ್ಲಿ ನೀರು ತಂದಿಟ್ಟು, "ಕಾಲು ತೊಳ್ಕೊಳಿ ವೇದಮ್ಮ, ಆಮೇಲೆ ಸಹಿ ಹಾಕುವ್ರಂತೆ" ಎಂದರು. ಆವತ್ತಿನಿಂದ ನನಗೆ ಅವರ ಮೇಲೆ ಪ್ರೀತಿ. ಪಾಠ ಹೇಳುವುದರಲ್ಲಿ ಅವರೇನೂ ಮಹಾ ಪಂಡಿತರಲ್ಲ, ಮಗ್ಗಿ ಬಾಯಿಪಾಠ ಮಾಡಿಸುವುದೇ ಗಣಿತ ಎಂದು ತಿಳಿದಿದ್ದರು. ಆದರೆ ಸೊಪ್ಪು ಕೀಳಲು ಹೋದ ಹುಡುಗಿಯರನ್ನು ಹೊಲದಿಂದಲೇ ಕರೆತಂದು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅಷ್ಟು ಮಾಡಿದ ಬಿ.ಎಸ್ಸಿ.ಯವರನ್ನು ನಾನು ಕಂಡಿಲ್ಲ.

ಮೂರು ವರ್ಷದ ನಂತರ ನಮ್ಮ ರೇಂಜಿಗೆ, ಅಂದರೆ ನಮ್ಮ ಸುತ್ತಿನ ಶಾಲೆಗಳಿಗೆಲ್ಲ, ಶ್ರೀಕಂಠಯ್ಯ ಎಂಬ ಸ್ಕೂಲ್ ಇನ್‌ಸ್ಪೆಕ್ಟರ್ ಬಂದರು. ಅವರ ಬಗ್ಗೆ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಇರುವುದಿಲ್ಲ. ಕೈ ಬಾಯಿ ಶುದ್ಧ. ಶಾಲೆ ನೋಡಲು ಬಂದರೆ ಒಂದು ಲೋಟ ಕಾಫಿ ಕೂಡ ಮುಟ್ಟುತ್ತಿರಲಿಲ್ಲ. ಸರ್ಕಾರ ಹೊರಡಿಸಿದ ಯಾವ ಸುತ್ತೋಲೆಯೂ ಅವರ ಮೇಜಿನ ಮೇಲೆ ಕೊಳೆಯುತ್ತಿರಲಿಲ್ಲ. ಹೊಸ ನೀತಿ, ಹೊಸ ಪಠ್ಯ, ತರಬೇತಿ ಶಿಬಿರ, ಎಲ್ಲವೂ ಆ ತಿಂಗಳೇ ಹೆಡ್‌ಮಾಸ್ಟರುಗಳ ಕಿವಿಗೆ ಬೀಳಬೇಕು. ಬೇರೆ ಕಡೆ ಆರು ತಿಂಗಳಾದ ಮೇಲೆ ಗೊತ್ತಾಗುತ್ತಿದ್ದದ್ದು ನಮ್ಮ ಹಲಸೂರು, ಶಿವಾಜಿನಗರ, ಕೃಷ್ಣರಾಜಪುರದವರಿಗೆ ಕೂಡಲೇ ಗೊತ್ತಾಗುತ್ತಿತ್ತು. ಅದಕ್ಕಾಗಿ ಮೇಲಿನವರಿಂದ ಅವರಿಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು.

ಗೊತ್ತುಮಾಡಿಸುವ ರೀತಿ ಮಾತ್ರ ಬೇರೆ. ತಿಂಗಳಿಗೊಮ್ಮೆ ಹಲಸೂರಿನ ಒಂದು ಶಾಲೆಯ ಹಾಲಿನಲ್ಲಿ ಹೆಡ್‌ಮಾಸ್ಟರುಗಳ ಸಭೆ. ಕುರ್ಚಿ ಇದ್ದರೂ ಹಾಕಿಸುತ್ತಿರಲಿಲ್ಲ, ಎಲ್ಲರೂ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂರಬೇಕು. ಹೋದ ತಿಂಗಳು ಓದಿದ ಸುತ್ತೋಲೆಗಳಿಂದ ಶ್ರೀಕಂಠಯ್ಯ ಪ್ರಶ್ನೆ ಕೇಳುವರು. ಉತ್ತರ ಬಾರದವರು ನಿಲ್ಲಬೇಕು. ಸಭೆ ಮುಗಿಯುವವರೆಗೂ ನಿಂತೇ ಇರಬೇಕು. ತಲೆ ನರೆತವರು, ಮೊಮ್ಮಕ್ಕಳಿದ್ದವರು, ಪೇಟ ಕಟ್ಟಿದವರು ತಲೆ ತಗ್ಗಿಸಿ ನಿಂತಿರುತ್ತಿದ್ದರು. ಅಂಕಿಅಂಶ ತುಂಬಲೆಂದು ಹೆಡ್‌ಮಾಸ್ಟರುಗಳ ಜೊತೆ ಬಂದ ನಮ್ಮಂಥ ಸಹಾಯಕರು ಹೊರಗೆ ವರಾಂಡದಲ್ಲಿ ಕೂತು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದೆವು. ಕೆಲವರು ಕಿಸಕ್ಕನೆ ನಗುತ್ತಲೂ ಇದ್ದರು. ಲಂಚ ತಿನ್ನುವ ಇನ್‌ಸ್ಪೆಕ್ಟರೇ ವಾಸಿ, ತಿಂದು ಸುಮ್ಮನಾಗುತ್ತಾನೆ ಎಂದು ನನಗೆ ಅನ್ನಿಸುತ್ತಿತ್ತು.

ಆ ಗುಂಪಿನಲ್ಲಿ ಪ್ರತಿ ತಿಂಗಳೂ ತಪ್ಪದೆ ನಿಲ್ಲುತ್ತಿದ್ದವರು ಶಿವಾಜಿನಗರದ ಉರ್ದು ಶಾಲೆಯ ಹೆಡ್‌ಮಿಸ್ಟ್ರೆಸ್ ಖುರ್ಷೀದಾ ಬೇಗಂ. ಸುತ್ತೋಲೆಯ ಗಟ್ಟಿ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಪ್ರಶ್ನೆ ಕೇಳುವ ಮೊದಲೇ ಎದ್ದು, ಗೋಡೆಗೆ ಒರಗಿ, ಎಲೆ ಅಡಿಕೆ ಚೀಲ ಸರಿಮಾಡಿಕೊಂಡು ನಿಂತುಬಿಡುತ್ತಿದ್ದರು. ಶ್ರೀಕಂಠಯ್ಯನವರಿಗೆ ಅವರನ್ನು ನಿಲ್ಲಿಸುವುದರಲ್ಲಿ ಏನೂ ರುಚಿ ಉಳಿದಿರಲಿಲ್ಲ.

ಅವರಿಗೆ ರುಚಿ ಕಂಡದ್ದು ಮುನಿಆಂಜನಪ್ಪನವರಲ್ಲಿ. ಎಪ್ಪತ್ತರ ಒಂದು ಸಭೆಯಲ್ಲಿ, ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳುವ ವಯಸ್ಸು ಎಷ್ಟು ಎಂದು ಕೇಳಿದರು. ಇವರು ಹಳೆಯ ಲೆಕ್ಕ ಹೇಳಿದರು. ಹಿಂದಿನ ತಿಂಗಳ ಸುತ್ತೋಲೆಯಲ್ಲಿ ನಿಯಮ ಬದಲಾಗಿತ್ತು. "ನಿಲ್ಲಿ" ಎಂದರು ಇನ್‌ಸ್ಪೆಕ್ಟರು. ಇವರು ನಿಂತರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಬೆಂಚಿನಲ್ಲಿ ಚಿನ್ನಪ್ಪ ಎಂಬ ಹೊಸ ಹೆಡ್‌ಮಾಸ್ಟರಿದ್ದ. ಅವನು ಮುನಿಆಂಜನಪ್ಪನವರ ಹತ್ತಿರವೇ ಅಕ್ಷರ ಕಲಿತವನು ಎಂಬುದು ಶ್ರೀಕಂಠಯ್ಯನವರಿಗೆ ಹೇಗೋ ತಿಳಿದಿತ್ತು.

"ಚಿನ್ನಪ್ಪ, ಇವರು ನಿಮ್ಮ ಮೇಷ್ಟ್ರಂತೆ?"

"ಹೌದು ಸಾರ್."

"ಬನ್ನಿ ಮುಂದೆ. ಬಂದು ನಿಮ್ಮ ಮೇಷ್ಟ್ರಿಗೆ ಸರಿಯಾದ ಉತ್ತರ ಹೇಳ್ಕೊಡಿ. ಅವರು ನಿಮ್ಮ ಹಿಂದೆ ಮೂರು ಸಲ ಹೇಳಲಿ. ನೀವು ಅವರ ಹತ್ರ ಹಾಗೇ ತಾನೇ ಕಲ್ತಿದ್ದು?"

ಚಿನ್ನಪ್ಪ ಅಳುವಂತಾಗಿದ್ದ. ಆದರೂ ಹೇಳಿದ. ಮುನಿಆಂಜನಪ್ಪನವರು ಅವನ ಹಿಂದೆ ಮೂರು ಸಲ ಹೇಳಿದರು, ಗಟ್ಟಿಯಾಗಿ, ಮಕ್ಕಳು ಹೇಳುವ ಹಾಗೆ. ಒಳಗೆ ಯಾರೂ ನಗಲಿಲ್ಲ, ಶ್ರೀಕಂಠಯ್ಯ ಮಾತ್ರ ತಲೆದೂಗಿ "ಗುಡ್" ಎಂದರು.

ಮುನಿಆಂಜನಪ್ಪನವರೂ ನಾನೂ ಬಸ್ಸಿನಲ್ಲಿ ವಾಪಸು ಬಂದೆವು. ಸ್ಟೇಷನ್ ಹತ್ತಿರ ಇಳಿದ ಮೇಲೆ, "ವೇದಮ್ಮ, ಇನ್ನೊಂದ್ಸಲ ನಾನು ಆ ಹಾಲ್ನಲ್ಲಿ ಎದ್ದು ನಿಲ್ಲಲ್ಲ. ನೀವೇ ನೋಡ್ತಿರಿ" ಎಂದರು. ಅದನ್ನು ಹಟದಿಂದ ನಡೆಸಿಯೂ ಬಿಟ್ಟರು. ಸಂಜೆ ಮಕ್ಕಳು ಹೋದ ಮೇಲೆ ನಾನು ಸುತ್ತೋಲೆ ಹಿಡಿದು ಪ್ರಶ್ನೆ ಕೇಳಬೇಕು, ಅವರು ಉತ್ತರ ಹೇಳಬೇಕು. ಹಾಜರಾತಿ ನಿಯಮ, ಮಧ್ಯಾಹ್ನದ ಉಪ್ಪಿಟ್ಟಿನ ಅಳತೆ, ರಜೆಯ ವಿವರ, ಎಲ್ಲ ಮಗ್ಗಿಯ ಹಾಗೆ ಬಾಯಿಗೆ ಬಂತು. ಎರಡು ವರ್ಷ ಶ್ರೀಕಂಠಯ್ಯ ಏನೇನೋ ಅಡ್ಡ ಪ್ರಶ್ನೆ ಹಾಕಿದರು, ಇವರು ಕೂತಲ್ಲಿಂದಲೇ ಉತ್ತರ ಕೊಟ್ಟರು. ಅಷ್ಟು ಹೊತ್ತಿಗೆ ಅವರ ರಿಟೈರ್‌ಮೆಂಟಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. ನನಗೂ ಇನ್ನು ಗೆದ್ದರು ಎನ್ನಿಸಿತ್ತು.

ಎಪ್ಪತ್ತೆರಡರ ಸಭೆಯೊಂದಕ್ಕೆ ಆವತ್ತೇ ಬಂದ ಸುತ್ತೋಲೆಯೊಂದನ್ನು ಶ್ರೀಕಂಠಯ್ಯ ತಂದರು. ಪ್ರೈಮರಿ ಶಾಲೆಗಳಿಗೆ ಹೊಸ ಗಣಿತ ಬರುತ್ತದೆ. ಹೆಡ್‌ಮಾಸ್ಟರುಗಳೆಲ್ಲ ಆರು ವಾರ ತರಬೇತಿಗೆ ಹೋಗಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು. ಫೇಲಾದರೆ ಶಾಲೆಯ ಹೊಣೆ ಹೊಸ ಗಣಿತ ಬಲ್ಲ ಸಹಾಯಕರಿಗೆ ಹೋಗುತ್ತದೆ. ಕೊನೆಯಲ್ಲಿ ಒಂದು ವಿನಾಯಿತಿ ಇತ್ತು. ಎರಡು ವರ್ಷದೊಳಗೆ ನಿವೃತ್ತರಾಗುವವರು ತರಬೇತಿ ಬೇಡವೆಂದು ಸಭೆಯಲ್ಲೇ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು, ಹೆಡ್‌ಮಾಸ್ಟರಾಗಿಯೇ ಮುಂದುವರಿಯಬಹುದು. ಕಿಟಕಿಯಾಚೆ ನನಗೆ ಎದೆ ಹಗುರಾಯಿತು. ಇದು ನಮ್ಮ ಮೇಷ್ಟ್ರಿಗೆಂದೇ ಬರೆದ ಹಾಗಿತ್ತು.

ಶ್ರೀಕಂಠಯ್ಯ ಆ ಸಾಲುಗಳನ್ನು ಓದಿ, ಕನ್ನಡಕ ತೆಗೆದು, ಬೆಂಚುಗಳತ್ತ ನೋಡಿದರು.

"ಸರಿ. ಹೊಸದು ಕಲಿಯೋಕೆ ನನ್ನ ಕೈಲಿ ಆಗಲ್ಲ, ನನ್ನ ತಲೆಗೆ ಹತ್ತಲ್ಲ ಅನ್ನೋ ಮುದುಕರು ಯಾರ್‍ಯಾರಿದ್ದೀರಿ? ಎದ್ದು ನಿಲ್ಲಿ."

ಸುತ್ತೋಲೆಯಲ್ಲಿ ನಿಲ್ಲಬೇಕೆಂದು ಇರಲಿಲ್ಲ. ತಲೆಗೆ ಹತ್ತುವುದಿಲ್ಲ ಎಂದೂ ಇರಲಿಲ್ಲ. ಆ ಹಾಲಿನಲ್ಲಿ ವಿನಾಯಿತಿಗೆ ಅರ್ಹರಾದವರು ಏಳೆಂಟು ಜನವಾದರೂ ಇದ್ದರು. ಒಬ್ಬರೂ ಅಲುಗಾಡಲಿಲ್ಲ. ಅವರ ಪೈಕಿ ಗೋಡೆಯ ಪಕ್ಕದಿಂದ ಖುರ್ಷೀದಾ ಬೇಗಂ ಮಾತ್ರ ಎದ್ದರು. ಶ್ರೀಕಂಠಯ್ಯ ಅವರ ಹೆಸರು ಬರೆದುಕೊಂಡರು. "ಇನ್ಯಾರು?" ಎಂದರು. ನಾನು ಕಿಟಕಿಯ ಸರಳು ಹಿಡಿದು ಮುನಿಆಂಜನಪ್ಪನವರ ಬೆನ್ನನ್ನೇ ನೋಡುತ್ತಿದ್ದೆ. ಅವರ ಕೈ ಬೆಂಚಿನ ಅಂಚನ್ನು ಹಿಡಿದಿತ್ತು. "ಸಾರ್, ಏಳಿ" ಎಂದು ಪಿಸುಗುಟ್ಟಿದೆ, ಆಮೇಲೆ ಸ್ವಲ್ಪ ಜೋರಾಗಿಯೇ ಹೇಳಿದೆ. ಶ್ರೀಕಂಠಯ್ಯ ನನ್ನತ್ತ ತಿರುಗಿ, "ಹೊರಗಿನವರು ಬಾಯಿ ಮುಚ್ಕೊಂಡಿರಬೇಕು" ಎಂದು ಗದರಿಸಿ, ಇವರನ್ನು ನೋಡುತ್ತಲೇ ಮತ್ತೊಮ್ಮೆ "ಇನ್ಯಾರೂ ಇಲ್ಲ ಅಲ್ವೇ?" ಎಂದು ಕೇಳಿದರು. ಇವರು ಕೂತೇ ಇದ್ದರು. ಶ್ರೀಕಂಠಯ್ಯ ಕಾಗದ ಮಡಚಿಟ್ಟು ಮುಂದಿನ ವಿಷಯ ತೆಗೆದುಕೊಂಡರು.

ಸಭೆ ಮುಗಿದ ಮೇಲೆ ನನ್ನ ಕೋಪ ತಡೆಯಲಾಗಲಿಲ್ಲ. "ಕೇಳಿಸಲಿಲ್ವಾ ಸಾರ್ ನಿಮಗೆ?" ಎಂದು ರಸ್ತೆಯಲ್ಲೇ ಕೇಳಿದೆ.

"ಕೇಳಿಸ್ತು ಕಣಮ್ಮ. ಅರ್ಥಾನೂ ಆಯ್ತು. ಏಳ್ಬೇಕು ಅಂತಲೇ ಇದ್ದೆ. ಕಾಲು ಏಳ್ಲಿಲ್ಲ."

ಪಕ್ಕದಲ್ಲಿ ಬರುತ್ತಿದ್ದ ಖುರ್ಷೀದಾ ಬೇಗಂ ನಿಟ್ಟುಸಿರುಬಿಟ್ಟರು. "ನಂಗೆ ನಿಂತು ನಿಂತು ಶರಮ್, ನಾಚ್ಕೆ ಎಲ್ಲಾ ಹೋಗ್ಬಿಟ್ಟಿದೆ ಭಾಯಿಸಾಬ್. ಅವ್ರು ಏನ್ ಓದಿದ್ರೋ ಪೂರಾ ತಿಳೀಲೂ ಇಲ್ಲ. ಮುದುಕರು ಅಂದ್ರು, ನಿಂತ್ಕೊಂಡೆ" ಎಂದರು.

ಆ ಭಾನುವಾರ ನಾನೇ ಒತ್ತಾಯ ಮಾಡಿ ಮುನಿಆಂಜನಪ್ಪನವರನ್ನು ಇಂದಿರಾನಗರದ ಶ್ರೀಕಂಠಯ್ಯನವರ ಮನೆಗೆ ಕರೆದುಕೊಂಡು ಹೋದೆ. ಹೊಸ ಬಡಾವಣೆ, ಅಲ್ಲೊಂದು ಇಲ್ಲೊಂದು ಮನೆ. ಇನ್‌ಸ್ಪೆಕ್ಟರು ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಮ್ಮನ್ನು ಕೂರಿ ಎನ್ನಲಿಲ್ಲ. ಅವರ ಹೆಂಡತಿ ಸೀತಾಲಕ್ಷ್ಮಿ ಒಳಗಿನಿಂದ ಒಂದು ಸ್ಟೂಲ್ ತಂದರು. "ಬೇಡ, ಒಳಗೆ ಇಡು. ಅವರಿಗೆ ನಿಂತು ಅಭ್ಯಾಸ ಆಗಲಿ" ಎಂದರು ಇನ್‌ಸ್ಪೆಕ್ಟರು. ಆಕೆ ಸ್ಟೂಲ್ ಹಿಡಿದುಕೊಂಡೇ ವಾಪಸು ಹೋದರು.

ಮುನಿಆಂಜನಪ್ಪನವರು ತಲೆ ತಗ್ಗಿಸಿ ವಿಷಯ ಹೇಳಿದರು. "ತಪ್ಪಾಯ್ತು ಸ್ವಾಮಿ. ನನ್ನ ಹೆಸರೂ ಸೇರಿಸ್ಕೊಳಿ. ಇನ್ನೊಂದು ವರ್ಷ ಐತೆ ಅಷ್ಟೆ. ಎಡ್ಮಾಷ್ಟ್ರಾಗೇ ಮನೆಗೋಗ್ಬೇಕು ಅಂತ ಆಸೆ."

"ನಾನು ಎಷ್ಟು ಸಲ ಕೇಳ್ದೆ?"

"ಕೇಳಿದ್ರಿ ಸ್ವಾಮಿ."

"ನಿಮ್ಮ ಮುಖ ನೋಡೇ ಕೇಳ್ದೆ ನಾನು. ನೀವು ಏಳಲ್ಲ ಅಂತ ನಂಗೆ ಗೊತ್ತಿತ್ತು. ಎರಡು ವರ್ಷದಿಂದ ನೋಡ್ತಿದೀನಿ ನಿಮ್ಮ ಗತ್ತನ್ನ. ಬೆಂಚಿನ ಮೇಲೆ ರಾಜನ ಹಾಗೆ ಕೂತ್ಕೊಂಡು ಉತ್ತರ ಕೊಡ್ತಿದ್ರಿ. ಈಗ ಸರ್ಕಾರದ ಕಾಗದದ ಮೇಲೆ ಬರೆದಾಯ್ತು, ಕಳಿಸಿಯೂ ಆಯ್ತು. ತಿಳಿಸೋದು ನನ್ನ ಕೆಲಸ. ತಿಳಿಸಿದೀನಿ."

"ಸಾರ್, ಬೇಕು ಅಂತ್ಲೇ ಹಾಗೆ ಕೇಳಿದ್ರಿ ನೀವು" ಎಂದೆ ನಾನು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಬಿ.ಎಸ್ಸಿ. ಅಲ್ವೇ? ಇವರು ಫೇಲಾದ್ರೆ ಚಾರ್ಜ್ ಬರೋದು ನಿಮಗೇ. ನೆನಪಿರಲಿ."

ಮುನಿಆಂಜನಪ್ಪನವರು ಗೇಟಿನಾಚೆ ಬಂದ ಮೇಲೆ, "ಅವ್ರು ಹೇಳಿದ್ದು ಮನ್ಸಿಗೆ ಹಚ್ಕೋಬೇಡಿ ವೇದಮ್ಮ" ಎಂದು ನನಗೇ ಸಮಾಧಾನ ಹೇಳಿದರು.

ತರಬೇತಿಗೆ ಹೋದರು. ಆ ವಯಸ್ಸಿನಲ್ಲಿ ಎರಡು ಬಸ್ ಬದಲಾಯಿಸಿ ಸಿಟಿಗೆ ಹೋಗಿ ಬಂದು, ಸಂಜೆ ನನ್ನ ಮುಂದೆ ಕೂರುತ್ತಿದ್ದರು. ಗಣಗಳು, ಉಪಗಣಗಳು, ವೃತ್ತದೊಳಗೆ ವೃತ್ತ. ನಾನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ, ಹುಣಸೆಬೀಜ ಇಟ್ಟು ತೋರಿಸಿದೆ. ಶೂನ್ಯ ಗಣದ ಹತ್ತಿರ ಬಂದು ನಿಂತುಬಿಟ್ಟರು. "ಒಳಗೆ ಏನೂ ಇಲ್ಲ ಅಂದ್ಮೇಲೂ ಅದಕ್ಕೊಂದು ಬೇಲಿ ಹಾಕ್ಬೇಕೇನಮ್ಮ?" ಎಂದು ಕೇಳಿದರು. ನನಗೆ ನಗು ಬಂತು. ಅವರಿಗೂ ಬಂತು. ಆ ಆರು ವಾರದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ ಎಂದು ಕಾಣುತ್ತದೆ. ಪರೀಕ್ಷೆಯಲ್ಲಿ ಅವರು ಫೇಲಾದರು. ವಿನಾಯಿತಿಗೆ ಅರ್ಹರಾಗಿದ್ದೂ ಕೂತೇ ಇದ್ದವರಲ್ಲಿ ಹೆಚ್ಚಿನವರು ಫೇಲಾದರು. ಖುರ್ಷೀದಾ ಬೇಗಂ ಮಾತ್ರ ಶಿವಾಜಿನಗರದಲ್ಲಿ ತಮ್ಮ ಕುರ್ಚಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ನೆಮ್ಮದಿಯಾಗಿದ್ದರು. ಆಕೆಯ ಮೇಲೆ ನನಗೆ ಕೋಪವಿಲ್ಲ.

ಚಾರ್ಜ್ ನನಗೆ ಬಂತು. ಬೇಡ ಎಂದು ಬರೆದು ಕೊಟ್ಟೆ. ಬೇಡವೆಂದರೆ ಹೊರಗಿನವರು ಯಾರಾದರೂ ಬರುತ್ತಾರೆ ಎಂದು ಶ್ರೀಕಂಠಯ್ಯ ಹೇಳಿಕಳಿಸಿದರು. ಆಗ ಮುನಿಆಂಜನಪ್ಪನವರೇ ನನ್ನ ಹತ್ತಿರ ಬಂದು, ಬಾಗಿಲು ಮುಂದೆ ಮಾಡಿ, ಒಂದು ಮಾತು ಕೇಳಿದರು.

"ಊರಾಗೆ ಯಾರ್ಗೂ ಹೇಳಿಲ್ಲ ತಾಯಿ. ಅಕ್ಕಯಮ್ಮಂಗೂ ಹೇಳಿಲ್ಲ. ಇನ್ನು ಕೆಲವೇ ತಿಂಗ್ಳು. ನೀವೇ ತಗೊಳಿ, ಸಹಿ ನೀವೇ ಹಾಕಿ, ಸಭೆಗೂ ನೀವೇ ಹೋಗಿ. ನಾನು ಆ ಕುರ್ಚಿ ಮೇಲೆ ಸುಮ್ನೆ ಕೂತಿರ್ತೀನಿ. ಮಕ್ಳು ಎಡ್ಮಾಷ್ಟ್ರು ಅಂತ ಅಂದ್ಕೊಂಡಿರ್ಲಿ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಸರಿಯೇ, ಇವತ್ತೂ ಒಪ್ಪಿಕೊಳ್ಳುತ್ತೇನೆ. ಊರಿಗೆ ಏನೂ ಗೊತ್ತಾಗಲಿಲ್ಲ. ತಾಯಂದಿರು ಬಂದು ಅವರಿಗೇ ದೂರು ಹೇಳುತ್ತಿದ್ದರು, ಅವರು ಗಂಭೀರವಾಗಿ ಕೇಳಿಕೊಂಡು "ಟೀಚರಮ್ಮಂಗೆ ಹೇಳ್ತೀನಿ" ಎನ್ನುತ್ತಿದ್ದರು. ಅವರ ಮುಖದಲ್ಲಿ ಮತ್ತೆ ಕಳೆ ಬಂದಿತ್ತು. ಒಂದೊಂದು ದಿನ ನನಗೇ ಅವರು ಹೆಡ್‌ಮಾಸ್ಟರಲ್ಲ ಎಂಬುದು ಮರೆತುಹೋಗುತ್ತಿತ್ತು.

ಎಪ್ಪತ್ತಮೂರರಲ್ಲಿ ರಿಟೈರ್‌ಮೆಂಟಿನ ದಿನ ಊರಿನವರು ಬೀಳ್ಕೊಡುಗೆ ಇಟ್ಟುಕೊಂಡರು. ಮುಂದೆ ನಿಂತವನು ತಮ್ಮ ರಾಮಾಂಜಿನಪ್ಪ. ಅಣ್ಣನ ಮೇಲಿನ ಪ್ರೀತಿಗಲ್ಲ, ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುವ ಯೋಚನೆಯಿತ್ತು ಅವನಿಗೆ. ಶಾಮಿಯಾನ ಹಾಕಿಸಿದ, ಮೈಕ್ ತರಿಸಿದ. ಒಬ್ಬ ಆಫೀಸರ್ ಇಲ್ಲದೆ ಫಂಕ್ಷನ್ ಏನು ಚೆಂದ ಎಂದು, ನಮ್ಮಿಬ್ಬರಿಗೂ ತಿಳಿಸದೆ, ಶ್ರೀಕಂಠಯ್ಯನವರನ್ನು ಕರೆದುಬಿಟ್ಟ. ಅವರು ಜೀಪಿನಿಂದ ಇಳಿದಾಗಲೇ ನಮಗೆ ಗೊತ್ತಾದದ್ದು. ನಾನು ಓಡಿಹೋಗಿ ಕೈಮುಗಿದೆ. "ಸಾರ್, ಇವತ್ತೊಂದು ದಿನ ಏನೂ ಹೇಳ್ಬೇಡಿ. ಊರಿಗೆ ಗೊತ್ತಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. ನಾನು ಯಾರ ಮುಂದೆಯೂ ಹಾಗೆ ಬೇಡಿದವಳಲ್ಲ.

"ಗೊತ್ತಿಲ್ವೇ?" ಎಂದು ಕೇಳಿದರು ಅವರು. ಅಷ್ಟೇ ಕೇಳಿ ವೇದಿಕೆಯತ್ತ ಹೋದರು.

ಊರಿಗೆ ಊರೇ ಸೇರಿತ್ತು. ಅಕ್ಕಯಮ್ಮ ಹೊಸ ಸೀರೆ ಉಟ್ಟು ಮುಂದೆ ಚಾಪೆಯ ಮೇಲೆ ಕೂತಿದ್ದರು. ಮೂವತ್ತು ವರ್ಷದ ಹೆಡ್‌ಮಾಸ್ಟರಿಗೆ ಸನ್ಮಾನ ಎಂದು ರಾಮಾಂಜಿನಪ್ಪ ಮೈಕಿನಲ್ಲಿ ಕೂಗಿ, ದೊಡ್ಡ ಗುಲಾಬಿ ಹಾರವನ್ನು ಶ್ರೀಕಂಠಯ್ಯನವರ ಕೈಗೆ ಕೊಟ್ಟ. ಅವರು ಹಾರ ಹಿಡಿದುಕೊಂಡೇ ಮೈಕ್ ಹತ್ತಿರ ಬಂದರು.

"ಒಂದು ತಿದ್ದುಪಡಿ ಇದೆ. ಜನರಿಗೆ ಸರಿಯಾದ ವಿಷಯ ತಿಳಿಸೋದು ನನ್ನ ಕರ್ತವ್ಯ. ಮುನಿಆಂಜನಪ್ಪನವರು ಈ ಶಾಲೆಯ ಹೆಡ್‌ಮಾಸ್ಟರ್ ಅಲ್ಲ. ಸರ್ಕಾರದ ತರಬೇತಿಯಲ್ಲಿ ಅನುತ್ತೀರ್ಣರಾದ್ದರಿಂದ ಅವರನ್ನು ಆ ಸ್ಥಾನದಿಂದ ಇಳಿಸಿ ತಿಂಗಳುಗಳೇ ಆದವು. ಇವತ್ತು ನಿವೃತ್ತರಾಗ್ತಿರೋದು ಒಬ್ಬ ಸಹಾಯಕ ಶಿಕ್ಷಕರು. ಶಾಲೆಯ ಮುಖ್ಯಸ್ಥರಿಗೆ ತಂದ ಹಾರ ಮುಖ್ಯಸ್ಥರಿಗೇ ಸೇರಬೇಕು."

ಹಾರವನ್ನು ತಂದು ನನ್ನ ಕೈಯಲ್ಲಿಟ್ಟರು. ನಾನು ಬೀಳಿಸಲೂ ಇಲ್ಲ, ಹಿಡಿಯಲೂ ಇಲ್ಲ, ಅದು ತೋಳಿನ ಮೇಲೆ ಜೋತುಬಿದ್ದಿತ್ತು. "ಹಂಗಂದ್ರೇನು?" ಎಂದು ಅಕ್ಕಯಮ್ಮ ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಆಗ ಮುನಿಆಂಜನಪ್ಪನವರು ಕುರ್ಚಿಯಲ್ಲಿ ಕೂತಲ್ಲೇ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದರು. ಅವರನ್ನು ನೋಡಿ ಮಕ್ಕಳೂ ತಟ್ಟಿದರು. ರಾಮಾಂಜಿನಪ್ಪ ಮೊದಲು ಬಾಯಿ ಬಿಟ್ಟು ನೋಡುತ್ತಿದ್ದವನು ಆಮೇಲೆ ನಕ್ಕ. "ಲೇ, ನಮ್ಮಣ್ಣ ಅಸಿಸ್ಟೆಂಟಂತೆ ಕಣ್ರಲೇ" ಎಂದ. ಮೈಕ್ ಅವನ ಹತ್ತಿರವೇ ಇತ್ತು.

ಶ್ರೀಕಂಠಯ್ಯ ಮುಂದೆ ಬಡ್ತಿ ಪಡೆದರು, ಗೌರವದಿಂದ ರಿಟೈರಾದರು. ಅವರ ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ನಾನು ಅದೇ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ಸಾಗಿ ಉಳಿದೆ. ಮುನಿಆಂಜನಪ್ಪನವರು ಮತ್ತೆ ಶಾಲೆಯ ಕಡೆ ಬರಲಿಲ್ಲ. ಕೃಷ್ಣರಾಜಪುರದ ಸಂತೆಗೆ ಹೋಗಬೇಕಾದರೆ ಕೆರೆ ಸುತ್ತಿ, ರೈಲ್ವೆ ಹಳಿಯ ಪಕ್ಕದಲ್ಲಿ ನಡೆದು ಹೋಗುತ್ತಿದ್ದರಂತೆ. ನಾನು ಎರಡು ಮೂರು ಸಲ ಅವರ ಮನೆಗೆ ಹೋದೆ. ಮಾತಾಡಿಸಿದರು, ಮಜ್ಜಿಗೆ ಕೊಡಿಸಿದರು, ಶಾಲೆಯ ಸುದ್ದಿ ಮಾತ್ರ ಕೇಳಲಿಲ್ಲ. ಆಮೇಲೆ ನಾನೇ ಹೋಗುವುದನ್ನು ಬಿಟ್ಟೆ, ನನ್ನನ್ನು ಕಂಡರೆ ಅವರಿಗೆ ಸಂಕಟವಾಗುತ್ತದೆ ಎಂದು ಗೊತ್ತಾಗುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಶಾಲೆಯಲ್ಲಿ ಉಪ್ಪಿಟ್ಟು ಬೇಯಿಸುತ್ತಿದ್ದ ಮುನಿಶಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಚಾವಡಿಯಲ್ಲಿ ಮುನಿಆಂಜನಪ್ಪನವರ ಹತ್ತಿರವೇ ಅಕ್ಷರ ಕಲಿತವಳು ಅವಳು, ಅವರನ್ನು ದೇವರ ಹಾಗೆ ಕಾಣುತ್ತಿದ್ದವಳು. ಅವಳ ಅಳುವಿನಲ್ಲಿ ಸುಳ್ಳಿರಲಿಲ್ಲ.

"ಟೀಚರಮ್ಮ, ಒಲೆ ಹಚ್ಚೋದು ಬೇಡ ಇವತ್ತು" ಎಂದಳು. "ನಮ್ಮ ಅಸಿಸ್ಟೆಂಟು ಹೋಗ್ಬುಟ್ರು."